ಜೇಬಿನ ಪಿಸ್ತೂಲು ಕೊಳ್ಳುವ ಮುಂಚೆ: ತೂಕ, ಒದೆತ ಮತ್ತು ನಂಬಿಕೆಯ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಪ್ಯಾಂಟಿನ ಜೇಬಲ್ಲಿ ಹಿಡಿಯಬೇಕು, ಹಗುರ ಇರಬೇಕು, ಹೊಡೆದರೆ ಕೈ ನೋಯಬಾರದು, ಯಾವತ್ತೂ ಸಿಕ್ಕಿಕೊಳ್ಳಬಾರದು. ಅಂಥ ಪಿಸ್ತೂಲು ಯಾವುದು?" ಇದರಲ್ಲಿ ಬೇಡಿಕೆ ನಾಲ್ಕಿವೆ. ನಾಲ್ಕೂ ಒಂದೇ ಪಿಸ್ತೂಲಿನಲ್ಲಿ ಸಿಗುವುದಿಲ್ಲ. ಯಾವುದನ್ನು ಎಷ್ಟು ಬಿಡಬೇಕು ಅಂತ ಕೊಳ್ಳುವವರೇ ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಬೇಕಾದ ವಿಷಯವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ನಾಲ್ಕು ಮಾತು ತಿಳಿದುಕೊಂಡರೆ ಮುಂದೆ ಸಲೀಸು. ಪೂರ್ತಿ ಕಾಡತೂಸಿಗೆ ಇಲ್ಲಿ ತೋಟಾ ಅನ್ನುತ್ತೇನೆ. ಅದರ ತುದಿಯಿಂದ ಹಾರಿ ಹೋಗುವುದು ಗುಂಡು. ಹಿಂದೆ ಉಳಿಯುವ ಹಿತ್ತಾಳೆ ಕೊಳವೆ ಖಾಲಿ ಚಿಪ್ಪು. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಭಾಗ ಸ್ಲೈಡ್. ಗುಂಡು ಹಾರಿದಾಗ ಸ್ಲೈಡ್ ಹಿಂದೆ ಹೋಗಿ ಖಾಲಿ ಚಿಪ್ಪನ್ನು ಎಸೆಯುತ್ತದೆ. ಆಮೇಲೆ ಸ್ಪ್ರಿಂಗಿನ ಬಲದಿಂದ ಮುಂದೆ ಬರುತ್ತಾ ಮ್ಯಾಗಜೀನಿನಿಂದ, ಅಂದರೆ ಹಿಡಿಯೊಳಗೆ ಕೂರುವ ತೋಟಾದ ಪೆಟ್ಟಿಗೆಯಿಂದ, ಹೊಸ ತೋಟಾವನ್ನು ನಳಿಗೆಗೆ ತಳ್ಳುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒದೆತ ಅಂದರೆ ಹೊಡೆದಾಗ ಪಿಸ್ತೂಲು ಕೈಯನ್ನು ಹಿಂದಕ್ಕೆ ತಳ್ಳುವುದು, ತೊಡಕು ಅಂದರೆ ಅದು ನಡುವೆ ಸಿಕ್ಕಿಕೊಳ್ಳುವುದು. ಎರಡೂ ಹುಟ್ಟುವುದು ಇಲ್ಲೇ.

1. ಕಾನೂನು ನಿಮ್ಮ ಕೈ ಕಟ್ಟಿದೆಯಾ ನೋಡಿ

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಎಚ್-1ಬಿ, ಎಲ್-1, ಎಫ್-1, ಎಚ್-4 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತೆ ಒಂದೆರಡು ಬಗೆಯವರಿಗೆ ವಿನಾಯಿತಿ ಇದೆ, ಅಷ್ಟೇ. "ಕೊಳ್ಳೋದಿಲ್ಲ, ಸುಮ್ನೆ ರೇಂಜಿಗೆ ಹೋಗಿ ಬಾಡಿಗೆ ಗನ್ ಹೊಡೆದು ಬರ್ತೀನಿ" ಅನ್ನುವವರು ತುಂಬಾ ಜನ. ರೇಂಜ್ ಅಂದರೆ ಗುರಿ ಅಭ್ಯಾಸದ ಜಾಗ. ಬಾಡಿಗೆ ಪಿಸ್ತೂಲು ಕೈಗೆ ತಗೊಂಡರೂ ಅದು ಇಟ್ಟುಕೊಂಡ ಹಾಗೇ ಲೆಕ್ಕ. ಕೌಂಟರಿನಲ್ಲಿ ಯಾರೂ ವೀಸಾ ಕೇಳಲಿಲ್ಲ ಅಂದ ಮಾತ್ರಕ್ಕೆ ಸರಿ ಆಗುವುದಿಲ್ಲ. ಮುಂದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರು ಇದನ್ನು ಹಗುರವಾಗಿ ತಗೋಬಾರದು. ಗ್ರೀನ್ ಕಾರ್ಡ್ ಇದ್ದವರು, ನಾಗರಿಕರು ಕೊಳ್ಳಬಹುದು. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು, 4473 ಅನ್ನುವ ಫಾರಂ ತುಂಬಬೇಕು.

ನಿಮಗೆ ಅರ್ಹತೆ ಇಲ್ಲದಿದ್ದರೆ ಗೆಳೆಯನ ಹೆಸರಲ್ಲಿ ಕೊಳ್ಳುವ ಯೋಚನೆಯೇ ಬೇಡ. ಅದು ಬೇರೆಯದೇ ಅಪರಾಧ, ಇಬ್ಬರಿಗೂ ಶಿಕ್ಷೆ ಇದೆ. ಗಂಡನಿಗೆ ಗ್ರೀನ್ ಕಾರ್ಡ್ ಇದ್ದು ಹೆಂಡತಿ ಇನ್ನೂ ವೀಸಾದಲ್ಲಿದ್ದರೆ, ಮನೆಯಲ್ಲಿ ಯಾರ ಕೈಗೆ ಬೀಗದ ಕೀ ಸಿಗುತ್ತದೆ ಅನ್ನುವುದೂ ಕಾನೂನಿನ ಪ್ರಶ್ನೆಯೇ. ವಕೀಲರನ್ನು ಕೇಳಿ.

ರಾಜ್ಯದ ಕಾನೂನು ಬೇರೆ ಬೇರೆ. ಇಲಿನಾಯ್‌ನಲ್ಲಿ ಮೊದಲು ಗುರುತಿನ ಚೀಟಿ ಮಾಡಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಹೊಸ ಪಿಸ್ತೂಲುಗಳನ್ನಷ್ಟೇ ಅಂಗಡಿಯಲ್ಲಿ ಮಾರಬಹುದು. ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟ್ ಗುಂಡಿನ ಮೇಲೆ, ಅಂದರೆ ತುದಿ ಟೊಳ್ಳಾಗಿರುವ ಗುಂಡಿನ ಮೇಲೆ, ವಿಶೇಷ ನಿರ್ಬಂಧ ಇದೆ.

2. ನಿಜವಾಗಿಯೂ ಜೇಬೇ ಬೇಕಾ?

ನಿಮ್ಮ ದಿನದ ಉಡುಪು ನೋಡಿಕೊಳ್ಳಿ. ಆಫೀಸಿಗೆ ಹಾಕುವ ಪ್ಯಾಂಟಿನ ಮುಂದಿನ ಜೇಬಿಗೆ ಕೈ ಹಾಕಿ, ಮುಷ್ಟಿ ಕಟ್ಟಿ, ಹಾಗೇ ಹೊರಗೆ ತೆಗೆಯಿರಿ. ಮುಷ್ಟಿ ಸಿಕ್ಕಿಕೊಂಡರೆ ಪಿಸ್ತೂಲು ಹಿಡಿದ ಕೈಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಗಿ ಜೀನ್ಸ್ ಹಾಕುವವರಿಗೆ ಜೇಬಿನ ಪಿಸ್ತೂಲು ಬರೀ ಆಸೆ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂತಾಗ ಜೇಬಿಗೆ ಕೈ ಹೋಗುವುದೇ ಇಲ್ಲ.

ಬೆಲ್ಟಿಗೆ ಕಟ್ಟುವುದಾದರೆ 500 ಗ್ರಾಮಿನ ಪಿಸ್ತೂಲನ್ನೂ ಆರಾಮಾಗಿ ಒಯ್ಯಬಹುದು. ಆಗ ಒದೆತದ ಅರ್ಧ ತಲೆನೋವು ಹೋಯಿತು. ಬೆಲ್ಟಿಗೆ ಕಟ್ಟಲು ಸಾಧ್ಯವಾ ಅಂತ ಮೊದಲು ನೋಡಿ, ಆಗದೇ ಹೋದರೆ ಮಾತ್ರ ಜೇಬು. ಇದು ನನ್ನ ಖಚಿತ ಅಭಿಪ್ರಾಯ.

3. ಒದೆತದ ಲೆಕ್ಕ ನೀವೇ ಹಾಕಿ

ಅಂಗಡಿಯವರು "ಇದು .380, ಚಿಕ್ಕ ತೋಟಾ, ಒದೆಯೋದೇ ಇಲ್ಲ" ಅನ್ನುತ್ತಾರೆ. .380, 9 ಎಂಎಂ ಅನ್ನುವುವು ತೋಟಾದ ಅಳತೆಯ ಹೆಸರು. ಅಂಗಡಿಯವರ ಮಾತು ಅರ್ಧ ನಿಜ. ತೋಟಾ ಚಿಕ್ಕದು ಹೌದು, ಆದರೆ ಪಿಸ್ತೂಲು ಅದಕ್ಕಿಂತಲೂ ಚಿಕ್ಕದು.

ಲೆಕ್ಕ ಸುಲಭ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ. ಮದ್ದಿನ ತೂಕವನ್ನು ಅನಿಲದ ವೇಗದಿಂದ ಗುಣಿಸಿ. ಪಿಸ್ತೂಲಾದರೆ ಅನಿಲದ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್ ಅಂತ ಹಿಡಿದರೆ ಸಾಕು. ಎರಡನ್ನೂ ಕೂಡಿಸಿ, ತೋಟಾ ತುಂಬಿದ ಪಿಸ್ತೂಲಿನ ತೂಕದಿಂದ ಭಾಗಿಸಿ. ಬರುವುದೇ ಪಿಸ್ತೂಲು ನಿಮ್ಮ ಕೈಯೊಳಗೆ ಹಿಂದಕ್ಕೆ ಹಾರುವ ವೇಗ. ಆ ವೇಗವನ್ನು ಅದರಿಂದಲೇ ಗುಣಿಸಿ, ಪಿಸ್ತೂಲಿನ ತೂಕದಿಂದ (ಕಿಲೋದಲ್ಲಿ) ಗುಣಿಸಿ, ಅರ್ಧ ಮಾಡಿದರೆ ಒದೆತದ ಶಕ್ತಿ ಜೂಲ್ ಅನ್ನುವ ಅಳತೆಯಲ್ಲಿ ಸಿಗುತ್ತದೆ. ಅದೇ ತೋಟಾಕ್ಕೆ ಪಿಸ್ತೂಲಿನ ತೂಕ ಅರ್ಧ ಆದರೆ ಈ ವೇಗ ಎರಡರಷ್ಟಾಗುತ್ತದೆ. ಒದೆತದ ಶಕ್ತಿಯೂ ಎರಡರಷ್ಟಾಗುತ್ತದೆ.

ಈಗ ನಿಜವಾದ ಪಿಸ್ತೂಲುಗಳನ್ನು ಇಟ್ಟು ನೋಡೋಣ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಖಾಲಿ ಇದ್ದಾಗ ಸುಮಾರು 270 ಗ್ರಾಂ, ತುಂಬಿದರೆ 335ರ ಆಸುಪಾಸು. .380ರ ಆರು ಗ್ರಾಮಿನ ಗುಂಡು ಅದರ ಗಿಡ್ಡ ನಳಿಗೆಯಿಂದ ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿ ಹೊರಡುತ್ತದೆ. ಒದೆತ ಸುಮಾರು ಐದೂವರೆ ಜೂಲ್. ತುಂಬಿದಾಗ 900 ಗ್ರಾಂ ತೂಗುವ ಗ್ಲಾಕ್ 17ರಲ್ಲಿ 9 ಎಂಎಂ ಹೊಡೆದರೂ ಬರುವುದು ಹೆಚ್ಚುಕಮ್ಮಿ ಅಷ್ಟೇ! ಪೊಲೀಸರು ಸೊಂಟಕ್ಕೆ ಕಟ್ಟುವ ದೊಡ್ಡ ಪಿಸ್ತೂಲಿನ ಒದೆತವನ್ನು ನೀವು ಎರಡು ಬೆರಳಲ್ಲಿ ಹಿಡಿದುಕೊಂಡ ಹಾಗಾಯಿತು.

ಶಕ್ತಿ ಸಮ ಇದ್ದರೂ ಕೈಗೆ ಒಂದೇ ಥರ ಅನ್ನಿಸುವುದಿಲ್ಲ. ಗ್ಲಾಕ್ ಹಿಂದೆ ಬರುವ ವೇಗ ಸೆಕೆಂಡಿಗೆ ಮೂರೂವರೆ ಮೀಟರ್. ಎಲ್‌ಸಿಪಿಯದ್ದು ಐದೂವರೆ ದಾಟುತ್ತದೆ. ದೊಡ್ಡದು ತಳ್ಳುತ್ತದೆ, ಚಿಕ್ಕದು ಚುರುಕ್ಕನೆ ಹೊಡೆಯುತ್ತದೆ.

2018ರಲ್ಲಿ ಬಂದ ಸಿಗ್ ಪಿ365 ಖಾಲಿ ಇದ್ದಾಗ 500 ಗ್ರಾಂ, 9 ಎಂಎಂ. ಲೆಕ್ಕ ಹಾಕಿದರೆ ಆರೂವರೆ ಜೂಲ್ ಬರುತ್ತದೆ. ಹಿಡಿ ಚೆನ್ನಾಗಿರುವುದರಿಂದ ಬಹಳಷ್ಟು ಜನಕ್ಕೆ ಇದು ಎಲ್‌ಸಿಪಿಗಿಂತ ಮೆತ್ತಗೆ ಅನ್ನಿಸುತ್ತದೆ. ಆದರೆ 9 ಎಂಎಂ ಅನ್ನೇ 350 ಗ್ರಾಮಿನ ಒಳಗೆ ತುರುಕಿದ ಪಿಸ್ತೂಲುಗಳೂ ಇವೆ. ಅಲ್ಲಿ ಒದೆತ ಹತ್ತು ಜೂಲ್ ಮುಟ್ಟುತ್ತದೆ. ಒಂದು ಮ್ಯಾಗಜೀನ್ ಮುಗಿಯುವಷ್ಟರಲ್ಲಿ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರಿನ ಸುತ್ತ ಇರುವ ಬಳೆ, ನಡುಬೆರಳಿನ ಗೆಣ್ಣಿಗೆ ಬಡಿದು ಬಡಿದು ಕೆಂಪಾಗಿರುತ್ತದೆ. ಅಂಥದ್ದನ್ನು ಕೊಂಡವರು ಅಭ್ಯಾಸ ಬಿಡುತ್ತಾರೆ. ಅಭ್ಯಾಸ ಬಿಟ್ಟವರ ಜೇಬಲ್ಲಿ ಪಿಸ್ತೂಲು ಇದ್ದೂ ಉಪಯೋಗ ಇಲ್ಲ, ಅಲ್ವಾ?

4. ಹಗುರ ಪಿಸ್ತೂಲು ಯಾಕೆ ಜಾಸ್ತಿ ತೊಡಕು ಕೊಡುತ್ತದೆ ಅಂತ ತಿಳಿಯಿರಿ

ಇದು ಗೊತ್ತಿಲ್ಲದೆ ಬರೀ ಬ್ರಾಂಡ್ ಹುಡುಕಿಕೊಂಡು ಹೋದರೆ ದಾರಿ ತಪ್ಪುತ್ತದೆ.

ದೊಡ್ಡ ಪಿಸ್ತೂಲಿನ ಸ್ಲೈಡ್ ಭಾರ, ಓಡುವ ದೂರವೂ ಜಾಸ್ತಿ. ಹಾಗಾಗಿ ಎಲ್ಲದಕ್ಕೂ ಸಮಯ ಇರುತ್ತದೆ. ಚಿಕ್ಕದರಲ್ಲಿ ಸ್ಲೈಡ್ ಹಗುರ, ಓಡುವ ದೂರ ಕಮ್ಮಿ. ಅದು ಧಡಕ್ಕನೆ ಹಿಂದೆ ಹೋಗಿ ಧಡಕ್ಕನೆ ಮುಂದೆ ಬರುತ್ತದೆ. ಅಷ್ಟರೊಳಗೆ ಮ್ಯಾಗಜೀನಿನ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲೆತ್ತಿ ನಿಲ್ಲಿಸಿರಬೇಕು. ಸ್ಪ್ರಿಂಗ್ ಸ್ವಲ್ಪ ಸಡಿಲ ಆಗಿದ್ದರೂ, ಒಳಗೆ ಬಟ್ಟೆಯ ಜುಂಗು ಸೇರಿದ್ದರೂ ತೋಟಾ ಬರುವುದು ತಡ ಆಗುತ್ತದೆ. ಸ್ಲೈಡ್ ಅದನ್ನು ಬಿಟ್ಟು ಖಾಲಿಯಾಗಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಓರೆಯಾಗಿ ಹಿಡಿದು ನಿಲ್ಲುತ್ತದೆ.

ಹಗುರ ಸ್ಲೈಡನ್ನು ತಡೆಯಲು ಸ್ಪ್ರಿಂಗ್ ಗಟ್ಟಿ ಹಾಕುತ್ತಾರೆ. ಗಟ್ಟಿ ಸ್ಪ್ರಿಂಗ್ ಅಂದರೆ ಕೈಯಿಂದ ಎಳೆಯುವುದು ಕಷ್ಟ, ಸವೆಯುವುದೂ ಬೇಗ. ರೋರ್‌ಬಾ ಆರ್9 ಅಂತ ಒಂದು ಚೆಂದದ ಪುಟ್ಟ 9 ಎಂಎಂ ಪಿಸ್ತೂಲಿತ್ತು, ಖಾಲಿ ಇದ್ದಾಗ 380 ಗ್ರಾಮಿನ ಹತ್ತಿರ. ಅದರ ಸ್ಲೈಡ್ ಸ್ಪ್ರಿಂಗನ್ನು 200 ತೋಟಾಕ್ಕೊಮ್ಮೆ ಬದಲಿಸಬೇಕು ಅಂತ ತಯಾರಕರೇ ಹೇಳುತ್ತಿದ್ದರು. ದೊಡ್ಡ ಪಿಸ್ತೂಲಿನ ಸ್ಪ್ರಿಂಗ್ ಸಾವಿರಗಟ್ಟಲೆ ತೋಟಾ ತಡೆಯುತ್ತದೆ.

ಇನ್ನೊಂದು ನಿಮ್ಮ ಮಣಿಕಟ್ಟಿನ ವಿಷಯ. ಸ್ಲೈಡ್ ಹಿಂದೆ ಜಾರಬೇಕಾದರೆ ಕೆಳಗಿನ ಹಿಡಿ ಕದಲದೆ ನಿಲ್ಲಬೇಕು. ಹಗುರವಾದ ಮೇಜಿನ ಡ್ರಾಯರ್ ಎಳೆದಾಗ ಡ್ರಾಯರ್ ಬರುವ ಬದಲು ಮೇಜೇ ಜೊತೆಗೆ ಬರುತ್ತದಲ್ಲ, ಹಾಗೆ ಪ್ಲಾಸ್ಟಿಕ್ ಹಿಡಿಯ ಹಗುರ ಪಿಸ್ತೂಲು ಪೂರ್ತಿ ಹಿಂದೆ ಬಂದುಬಿಡುತ್ತದೆ. ಸ್ಲೈಡಿನ ಓಟ ಅರ್ಧಕ್ಕೇ ನಿಲ್ಲುತ್ತದೆ, ಖಾಲಿ ಚಿಪ್ಪು ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಶೂಟರ್‌ಗಳು ಇದಕ್ಕೆ ಲಿಂಪ್ ರಿಸ್ಟಿಂಗ್ ಅನ್ನುತ್ತಾರೆ, ಮಣಿಕಟ್ಟು ಸಡಿಲ ಬಿಡುವುದು ಅಂತ ಅರ್ಥ. ಪಿಸ್ತೂಲು ಜೋರಾಗಿ ಒದ್ದಷ್ಟೂ ಜನ ಬೆದರಿ ಕೈ ಸಡಿಲ ಬಿಡುತ್ತಾರೆ, ಸಡಿಲ ಬಿಟ್ಟಷ್ಟೂ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಒದೆತ ಮತ್ತು ನಂಬಿಕೆ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಆಗದಿರುವುದು ಇದಕ್ಕೇ.

ಮತ್ತೊಂದು ವ್ಯತ್ಯಾಸ ಒಳಗಿನ ಕಟ್ಟಿನಲ್ಲಿದೆ. ಕೆಲವು ಪಿಸ್ತೂಲುಗಳಲ್ಲಿ ಸ್ಲೈಡನ್ನು ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಇದಕ್ಕೆ ಬ್ಲೋಬ್ಯಾಕ್ ಅನ್ನುತ್ತಾರೆ. ಬೇರೆಯವುಗಳಲ್ಲಿ ನಳಿಗೆ ಮತ್ತು ಸ್ಲೈಡ್ ಕೊಂಡಿ ಹಾಕಿಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದೆ ಬಂದು ಆಮೇಲೆ ಬಿಟ್ಟುಕೊಳ್ಳುತ್ತವೆ. ಅದು ಲಾಕ್ಡ್ ಬ್ರೀಚ್. ವಾಲ್ಥರ್ ಪಿಪಿಕೆ ಬ್ಲೋಬ್ಯಾಕ್, .380ರಲ್ಲಿ ಅರ್ಧ ಕಿಲೋಗಿಂತ ಜಾಸ್ತಿ ತೂಗುತ್ತದೆ. ಆದರೂ ಅದು 390 ಗ್ರಾಮಿನ ಗ್ಲಾಕ್ 42ಗಿಂತ ಚುರುಕಾಗಿ ಒದೆಯುತ್ತದೆ. ಗ್ಲಾಕ್ 42 ಲಾಕ್ಡ್ ಬ್ರೀಚ್. ಹಾಗಾಗಿ ಅಂಗಡಿಯಲ್ಲಿ ತೂಕ ಕೇಳಿದ ಮೇಲೆ ಇದನ್ನೂ ಕೇಳಿ.

5. ತೋಟಾದ ಅಳತೆ ಆರಿಸಿ

.22: ಒದೆತ ಇಲ್ಲವೇ ಇಲ್ಲ ಅನ್ನಬಹುದು, ತೋಟಾ ಅಗ್ಗ. ಆದರೆ ಇದರಲ್ಲಿ ಕಿಡಿ ಮದ್ದು ಚಿಪ್ಪಿನ ಅಂಚಿನ ಸುತ್ತ ಹರಡಿರುತ್ತದೆ. ಎಲ್ಲೋ ಒಂದು ಕಡೆ ಮದ್ದು ಸರಿಯಾಗಿ ಕೂರದಿದ್ದರೆ ಬರೀ ಕ್ಲಿಕ್. ಬೇರೆ ತೋಟಾಗಳಿಗಿಂತ ಹುಸಿ ಜಾಸ್ತಿ. ಅಭ್ಯಾಸಕ್ಕೆ ಒಳ್ಳೆಯದು.

.32 ಎಸಿಪಿ: 1899ರಷ್ಟು ಹಳೆಯದು, ಬ್ರೌನಿಂಗ್ ಮಾಡಿದ್ದು. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಕೆಲ್‌ಟೆಕ್ ಪಿ-32 ಖಾಲಿ ಇದ್ದಾಗ 190 ಗ್ರಾಂ ಕೂಡ ಇಲ್ಲ, ಆದರೂ ಲೆಕ್ಕ ಹಾಕಿದರೆ ಒದೆತ ಮೂರೂವರೆ ಜೂಲಿನ ಹತ್ತಿರ. ಬೆರಳು ದುರ್ಬಲ ಇರುವವರು, ವಯಸ್ಸಾದವರು ಇದನ್ನು ನೋಡಿಯೇ ಮುಂದೆ ಹೋಗಬೇಕು. ಒಂದು ಅಪಾಯ ಇದೆ. ಈ ತೋಟಾದ ಬುಡದಲ್ಲಿ ಸಣ್ಣ ಅಂಚು ಉಬ್ಬಿರುತ್ತದೆ. ಗಿಡ್ಡ ಹಾಲೋ ಪಾಯಿಂಟ್ ತುಂಬಿದರೆ ಮ್ಯಾಗಜೀನಿನೊಳಗೆ ತೋಟಾ ಹಿಂದೆ ಮುಂದೆ ಜಾರಲು ಜಾಗ ಸಿಗುತ್ತದೆ. ಆಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಹೋಗಿ ಎರಡೂ ಕಚ್ಚಿಕೊಳ್ಳುತ್ತವೆ. ಇದು ಸ್ಲೈಡ್ ಎಳೆದರೆ ಬಿಡುವ ತೊಡಕಲ್ಲ, ಮ್ಯಾಗಜೀನ್ ಹೊರಗೆ ತೆಗೆದು ಬಿಡಿಸಬೇಕು. ದುಂಡು ತುದಿಯ ಉದ್ದ ತೋಟಾ ಹಾಕಿದರೆ ಈ ಕಾಟ ತುಂಬಾ ಕಮ್ಮಿ.

.380: ಜೇಬಿನ ಪಿಸ್ತೂಲಿನ ಮುಖ್ಯ ಅಳತೆ ಇದೇ. ಒಳಗಿನ ಒತ್ತಡದ ಮಿತಿ ಚದರ ಇಂಚಿಗೆ 21,500 ಪೌಂಡ್. 9 ಎಂಎಂನದ್ದು 35,000. ಅದಕ್ಕೇ .380ಕ್ಕೆ ಇಷ್ಟು ಹಗುರ ಪಿಸ್ತೂಲು ಮಾಡಲು ಆಗುವುದು. ಡಬ್ಬಿಯ ಮೇಲೆ ".380 ಪ್ಲಸ್ ಪಿ" ಅಂತ ಬರೆದಿದ್ದರೆ ಮುಟ್ಟಬೇಡಿ. ಪ್ಲಸ್ ಪಿ ಅಂದರೆ ಹೆಚ್ಚು ಒತ್ತಡದ ತೋಟಾ. ಅಮೆರಿಕದ ತೋಟಾ ಉದ್ಯಮದ ಅಳತೆಪಟ್ಟಿಯಲ್ಲಿ .380ಕ್ಕೆ ಅಂಥ ದರ್ಜೆಯೇ ಇಲ್ಲ. ಒಳಗೆ ಎಷ್ಟು ಒತ್ತಡ ಇದೆ ಅನ್ನುವುದು ತುಂಬಿದವರಿಗೇ ಗೊತ್ತು.

9 ಎಂಎಂ: ಖಾಲಿ ತೂಕ 450 ಗ್ರಾಮಿನ ಮೇಲಿದ್ದರೆ ಯೋಚಿಸಿ. ಅದಕ್ಕಿಂತ ಕೆಳಗೆ ನನ್ನ ಮಟ್ಟಿಗೆ ಬೇಡ.

ಇನ್ನು ರಿವಾಲ್ವರ್. ಇದರಲ್ಲಿ ಸ್ಲೈಡ್ ಇಲ್ಲ, ಹಾಗಾಗಿ ಮಣಿಕಟ್ಟಿನ ಕಾಟ ಇಲ್ಲ. ಜೇಬಿನ ಕಸಕ್ಕೂ ಅಷ್ಟಾಗಿ ಹೆದರುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನ ಸ್ಮಿತ್ ಅಂಡ್ ವೆಸ್ಸನ್ 642 ಸುಮಾರು 410 ಗ್ರಾಂ, ಐದು ತೋಟಾ. ಆದರೆ ಟ್ರಿಗರಿನ ಎಳೆತ ಉದ್ದ ಮತ್ತು ಭಾರ. "ರಿವಾಲ್ವರ್ ಸಿಕ್ಕಿಕೊಳ್ಳೋದೇ ಇಲ್ಲ" ಅನ್ನುವುದೂ ಪೂರ್ತಿ ನಿಜವಲ್ಲ. ತುಂಬಾ ಹಗುರವಾದ ರಿವಾಲ್ವರ್ ಒದ್ದಾಗ ಇನ್ನೂ ಹೊಡೆಯದ ತೋಟಾಗಳ ಚಿಪ್ಪು ಹಿಂದಕ್ಕೆ ಎಳೆಯಲ್ಪಟ್ಟು ಗುಂಡು ಮುಂದಕ್ಕೆ ಕಿತ್ತು ಬರುತ್ತದೆ. ಅದು ಸಿಲಿಂಡರಿನ, ಅಂದರೆ ತೋಟಾಗಳು ಕೂತು ತಿರುಗುವ ಉರುಳೆಯ, ಹೊರಗೆ ಇಣುಕಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಸ್ಮಿತ್ ಅಂಡ್ ವೆಸ್ಸನ್‌ನವರ ಅತಿ ಹಗುರ .357 ರಿವಾಲ್ವರ್ 340ಪಿಡಿಯ ನಳಿಗೆ ಮೇಲೆ "120 ಗ್ರೇನ್‌ಗಿಂತ ಹಗುರ ಗುಂಡು ಬೇಡ" ಅನ್ನುವ ಎಚ್ಚರಿಕೆಯನ್ನೇ ಕೆತ್ತಿದ್ದಾರೆ. ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ, ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್.

6. ಅಂಗಡಿಯಲ್ಲಿ ಕೈಗೆ ತಗೊಂಡು ನೋಡಿ

ಖಾಲಿ ಇದೆಯಾ ಅಂತ ಅಂಗಡಿಯವರು ನೋಡಿದ ಮೇಲೆ ನೀವೂ ನೋಡಿ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದೆ ಹಿಡಿದು, ನಳಿಗೆಯ ಬುಡಕ್ಕೆ ಕಣ್ಣು ಹಾಕಿ, ಬೆರಳನ್ನೂ ಇಟ್ಟು ನೋಡಿ. ಆಮೇಲೆ ಹಿಡಿಯಿರಿ.

ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದ ಎಷ್ಟು ಬೆರಳಿಗೆ ಹಿಡಿಯಲ್ಲಿ ಜಾಗ ಇದೆ? ಬಹಳಷ್ಟು ಜೇಬಿನ ಪಿಸ್ತೂಲಿನಲ್ಲಿ ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತದೆ. ಮ್ಯಾಗಜೀನಿನ ಬುಡಕ್ಕೆ ಹಾಕುವ ಚಾಚು ಸಿಗುತ್ತದೆ, ಅರ್ಧ ಇಂಚು ಉದ್ದ ಆದರೂ ಹಿಡಿತ ಬೇರೆಯೇ ಆಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಸ್ಲೈಡಿನ ದಾರಿಗೆ ಉಬ್ಬಿ ಬರುತ್ತದಾ ನೋಡಿ. ಬಂದರೆ ಪ್ರತಿ ಹೊಡೆತಕ್ಕೂ ಸ್ಲೈಡ್ ಅಲ್ಲಿ ಎರಡು ಗೆರೆ ಗೀರುತ್ತದೆ.

ಸ್ಲೈಡ್ ಎಳೆಯುವುದಕ್ಕೆ ಒಂದು ಉಪಾಯ ಇದೆ. ಎಡಗೈಯಿಂದ ಸ್ಲೈಡನ್ನು ಎಳೆಯಬೇಡಿ. ಅದನ್ನು ಭದ್ರವಾಗಿ ಹಿಡಿದು, ಬಲಗೈಯಿಂದ ಹಿಡಿಯನ್ನೇ ಮುಂದಕ್ಕೆ ತಳ್ಳಿ. ನಳಿಗೆ ಯಾರ ಕಡೆಗೂ ತಿರುಗದಿರಲಿ. ಎಳೆಯುವಾಗ ಪಕ್ಕದವರ ಹೊಟ್ಟೆಗೆ ತಿರುಗಿಸುವವರು ತುಂಬಾ ಜನ. ಹೀಗೆ ಮಾಡಿದರೂ ಹತ್ತು ಸಲ ಎಳೆಯಲು ಆಗದಿದ್ದರೆ ಆ ಪಿಸ್ತೂಲು ನಿಮ್ಮದಲ್ಲ. 2018ರಲ್ಲಿ ಬಂದ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಈಜೀ .380 ಇಂಥವರಿಗೆಂದೇ ಮಾಡಿದ್ದು. ಸ್ವಲ್ಪ ದೊಡ್ಡದು, ಜೇಬಿಗಿಂತ ಬೆಲ್ಟಿಗೆ ಸರಿ. ಬೆರೆಟಾದ ಟಾಮ್‌ಕ್ಯಾಟ್‌ನಲ್ಲಿ ನಳಿಗೆಯ ಹಿಂದುಗಡೆಯೇ ಮೇಲೆ ಎದ್ದುಕೊಳ್ಳುತ್ತದೆ. ತೋಟಾವನ್ನು ಅಲ್ಲೇ ಇಟ್ಟು ಮುಚ್ಚಿದರಾಯಿತು, ಸ್ಲೈಡ್ ಎಳೆಯುವ ಕೆಲಸವೇ ಇಲ್ಲ.

"ಲೇಡೀಸ್ ಗನ್" ಅಂತ ಪುಟ್ಟದನ್ನು ಕೊಟ್ಟು ಕಳಿಸುವ ಅಂಗಡಿಗಳಿಗೆ ಹುಷಾರು. ಕೈಯಲ್ಲಿ ಬಲ ಕಮ್ಮಿ ಇರುವವರಿಗೆ ಅತಿ ಹಗುರ ಪಿಸ್ತೂಲು ಎಲ್ಲಕ್ಕಿಂತ ಕಷ್ಟದ್ದು. ಪುಟ್ಟ ಬಣ್ಣದ ಪಿಸ್ತೂಲು ಉಡುಗೊರೆ ಕೊಟ್ಟು, ಎರಡು ಹೊಡೆತಕ್ಕೇ ಹೆಂಡತಿ ಅದನ್ನು ಡ್ರಾಯರಿಗೆ ಹಾಕಿದ ಕಥೆ ಯಾವ ಗನ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಹೊಸ ಮಾಡೆಲ್ ಬಂದ ಮೊದಲ ವರ್ಷ ಕೊಳ್ಳಬೇಡಿ. ಎಲ್‌ಸಿಪಿ ಬಂದ 2008ರಲ್ಲೇ, ಕೆಳಗೆ ಬಿದ್ದರೆ ಗುಂಡು ಹಾರಬಹುದು ಅಂತ ಅದನ್ನು ವಾಪಸ್ ಕರೆಸಿಕೊಂಡರು. ಪಿ365ರ ಆರಂಭದ ಕಂತುಗಳಲ್ಲಿ ಫೈರಿಂಗ್ ಪಿನ್, ಅಂದರೆ ತೋಟಾದ ಬುಡಕ್ಕೆ ಹೊಡೆದು ಕಿಡಿ ಹೊತ್ತಿಸುವ ಮೊಳೆ, ಮುರಿದ ದೂರುಗಳು ಬಂದವು. ಎರಡೂ ಸರಿಯಾಗಿ, ಈಗ ಹೆಸರು ಉಳಿಸಿಕೊಂಡಿವೆ. ಹಳೆಯದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸೀರಿಯಲ್ ನಂಬರನ್ನು ತಯಾರಕರ ಬಳಿ ವಿಚಾರಿಸಿ.

7. ಬಾಡಿಗೆಗೆ ಹೊಡೆದು ನೋಡಿ

ಕಾನೂನು ಒಪ್ಪುವವರು ರೇಂಜಿನಲ್ಲಿ ಅದೇ ಮಾಡೆಲ್ ಬಾಡಿಗೆಗೆ ತಗೊಂಡು ಒಂದು ಡಬ್ಬಿ, ಅಂದರೆ 50 ತೋಟಾ ಹೊಡೆಯಿರಿ. ಮೊದಲ ಹತ್ತರಲ್ಲಿ ಎಲ್ಲರೂ ಚೆನ್ನಾಗೇ ಹೊಡೆಯುತ್ತಾರೆ. ನೋಡಬೇಕಾದ್ದು ಕೊನೆಯ ಹತ್ತು. ಗುಂಡು ಗುರಿಯ ಕೆಳಗೆ ಬೀಳಲು ಶುರುವಾಗಿದ್ದರೆ ಒದೆತಕ್ಕೆ ಮುಂಚೆಯೇ ಕೈ ಅಳುಕುತ್ತಿದೆ ಅಂತ ಅರ್ಥ. ಐದಾರು ಮೀಟರ್ ದೂರದಿಂದ ಐದು ಗುಂಡನ್ನು ಬೇಗ ಬೇಗ ಹೊಡೆದು ಒಂದು ತಟ್ಟೆಯಷ್ಟು ಜಾಗದೊಳಗೆ ಇಡಲು ಬರುತ್ತದಾ? ಬರದಿದ್ದರೆ ಒಂದು ಮೆಟ್ಟಿಲು ಭಾರದ್ದು, ಇಲ್ಲವೇ ಒಂದು ಮೆಟ್ಟಿಲು ಚಿಕ್ಕ ತೋಟಾದ್ದು ನೋಡಿ.

8. ಕೊಂಡ ಮೇಲೆ ಪರೀಕ್ಷೆ ಮಾಡಿ

ಕೊಂಡ ದಿನವೇ ಜೇಬಿಗೆ ಹಾಕಬೇಡಿ. ಹೊಸ ಪಿಸ್ತೂಲನ್ನು ಬಿಚ್ಚಿ, ಕಾರ್ಖಾನೆಯ ಗ್ರೀಸ್ ಒರೆಸಿ, ಕೈಪಿಡಿ ಹೇಳಿದ ಕಡೆ ಒಂದೊಂದು ಹನಿ ಎಣ್ಣೆ ಬಿಡಿ. ಪ್ರತಿ ಮ್ಯಾಗಜೀನಿನ ಬುಡಕ್ಕೆ ಮಾರ್ಕರಿನಲ್ಲಿ 1, 2, 3 ಅಂತ ನಂಬರ್ ಹಾಕಿ. ತೊಡಕುಗಳಲ್ಲಿ ದೊಡ್ಡ ಪಾಲು ಮ್ಯಾಗಜೀನಿನದ್ದೇ. ನಂಬರ್ ಇಲ್ಲದಿದ್ದರೆ ಕಳ್ಳ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ದುಂಡು ತುದಿಯ ಸಾಮಾನ್ಯ ತೋಟಾ 150ರಿಂದ 200 ಹೊಡೆಯಿರಿ. ಇದರಲ್ಲಿ ಒಂದೆರಡು ತೊಡಕು ಬಂದರೆ ಗಾಬರಿ ಬೇಡ, ಬಿಗಿ ಸಡಿಲವಾಗುತ್ತಿದೆ ಅಂದುಕೊಳ್ಳಿ. ಯಾವ ಮ್ಯಾಗಜೀನ್, ಎಷ್ಟನೇ ತೋಟಾ ಅಂತ ಬರೆದಿಡಿ. ಆಮೇಲೆ ನೀವು ಒಯ್ಯಲಿರುವ ತೋಟಾವನ್ನೇ ಕನಿಷ್ಠ 50, ಎಲ್ಲ ಮ್ಯಾಗಜೀನಿನಿಂದಲೂ ಹೊಡೆಯಿರಿ. ಇಲ್ಲಿ ಒಂದೂ ತೊಡಕು ಬರಬಾರದು. ಬಂದರೆ ಎಣಿಕೆ ಮತ್ತೆ ಸೊನ್ನೆಯಿಂದ. ಒಂದೇ ತೋಟಾ ಎರಡನೇ ಸಲವೂ ಕೈ ಕೊಟ್ಟರೆ ಬೇರೆ ಕಂಪನಿಯದ್ದು ನೋಡಿ. ಹಾಲೋ ಪಾಯಿಂಟಿನ ಅಗಲ ಬಾಯಿ ನಳಿಗೆಯ ಬುಡದ ಇಳಿಜಾರಿಗೆ ತಗುಲಿ ನಿಲ್ಲುವುದು ಗಿಡ್ಡ ಪಿಸ್ತೂಲಿನಲ್ಲಿ ಮಾಮೂಲು. .380 ತೋಟಾ 9 ಎಂಎಂಗಿಂತ ದುಬಾರಿ. ಅದಕ್ಕೇ ಜನ ಇಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಪಿಸ್ತೂಲಿನ ಬೆಲೆಗೆ ಈ 250 ತೋಟಾದ ಬೆಲೆಯನ್ನೂ ಮೊದಲೇ ಸೇರಿಸಿಕೊಂಡರೆ ನೋವು ಕಮ್ಮಿ.

ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಒಂದೊಂದು ಮ್ಯಾಗಜೀನ್ ಹೊಡೆಯಿರಿ. ಇದನ್ನು ಗುರು ಪಕ್ಕದಲ್ಲಿ ಇದ್ದಾಗಲೇ ಮಾಡಿ. ಹಿಡಿತ ಸರಿ ಇಲ್ಲದಾಗಲೂ ಪಿಸ್ತೂಲು ಓಡುತ್ತದಾ ಅನ್ನುವುದು ಗೊತ್ತಾಗುವುದು ಆಗಲೇ.

ಎರಡು ಎಚ್ಚರಿಕೆ. ಟ್ರಿಗರ್ ಒತ್ತಿ ಬರೀ ಕ್ಲಿಕ್ ಅಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. "ಢಂ" ಬದಲು "ಪುಸ್" ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ.

9. ತೊಡಕು ಬಂದರೆ ಯಾರದು ತಪ್ಪು ಅಂತ ಹುಡುಕಿ

ಖಾಲಿ ಚಿಪ್ಪು ಚಿಮಣಿಯ ಹಾಗೆ ನೆಟ್ಟಗೆ ನಿಂತಿದ್ದರೆ ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಅನುಮಾನ ಪಡಿ. ಅದೇ ಪಿಸ್ತೂಲು, ಅದೇ ಮ್ಯಾಗಜೀನ್, ಅದೇ ತೋಟಾವನ್ನು ಅನುಭವ ಇರುವ ಇನ್ನೊಬ್ಬರ ಕೈಗೆ ಕೊಡಿ. ಅವರಿಗೆ ಸಲೀಸಾಗಿ ಓಡಿದರೆ ಕಾರಣ ಸಿಕ್ಕಿತು. ಹೊಸ ತೋಟಾದ ಮೂತಿ ಕೆಳಗೆ ಚುಚ್ಚಿಕೊಂಡು ನಿಂತರೆ ಮ್ಯಾಗಜೀನ್ ನಂಬರ್ ನೋಡಿ. ಒಂದೇ ನಂಬರ್ ಪದೇ ಪದೇ ಬಂದರೆ ಅದನ್ನು ಬದಲಿಸಿ. ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆ ನಿಂತರೆ ಕೊಳೆ, ಒಣ ಲೋಹ ಅಥವಾ ಸವೆದ ಸ್ಪ್ರಿಂಗ್. ಮೂರೂ ಅಲ್ಲ ಅಂದರೆ ಪಿಸ್ತೂಲನ್ನು ತಯಾರಕರಿಗೆ ಕಳಿಸಿ. ವಿಡಿಯೋ ನೋಡಿ ಒಳಗಿನ ಭಾಗಕ್ಕೆ ಅರ ಹಾಕಲು ಹೋಗಬೇಡಿ.

10. ದಿನದ ಪಾಡು

ಜೇಬಿನ ಚೀಲ, ಅಂದರೆ ಟ್ರಿಗರನ್ನು ಪೂರ್ತಿ ಮುಚ್ಚುವ ಪಾಕೆಟ್ ಹೋಲ್‌ಸ್ಟರ್ ಇಲ್ಲದೆ ಪಿಸ್ತೂಲನ್ನು ಜೇಬಿಗೆ ಇಳಿಸಲೇಬೇಡಿ. ಆ ಜೇಬಲ್ಲಿ ಬೇರೇನೂ ಇರಬಾರದು. ಕೀ ಗೊಂಚಲು, ಚಿಲ್ಲರೆ, ಪೆನ್ನು ಯಾವುದೂ ಬೇಡ. ಪೆನ್ನಿನ ಕ್ಲಿಪ್ಪು ಟ್ರಿಗರಿಗೆ ಸಿಕ್ಕಿಕೊಂಡರೆ ಗುಂಡು ನಿಮ್ಮ ತೊಡೆಗೇ. ವಾಪಸ್ ಹಾಕುವಾಗ ಹೋಲ್‌ಸ್ಟರನ್ನು ಹೊರಗೆ ತೆಗೆದು, ಪಿಸ್ತೂಲನ್ನು ಅದರಲ್ಲಿ ಇಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ಜೇಬಿಗೆ ಹಾಕಿ.

ಜೇಬಿನ ಜುಂಗು ನೀವು ಅಂದುಕೊಂಡದ್ದಕ್ಕಿಂತ ಬೇಗ ಸೇರುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಮ್ಯಾಗಜೀನಿನ ತುಟಿ ಮತ್ತು ಸ್ಲೈಡಿನ ಸಂದಿಯನ್ನು ಹಳೆ ಟೂತ್ ಬ್ರಷ್‌ನಲ್ಲಿ ತಿಕ್ಕಿ. ಎಣ್ಣೆ ಜಾಸ್ತಿ ಬಿಟ್ಟರೆ ಜುಂಗು ಅಂಟಿ ಜಿಡ್ಡು ಕಟ್ಟುತ್ತದೆ. ಬೇಸಿಗೆಯಲ್ಲಿ ಬೆವರಿನಿಂದ ತುಕ್ಕೂ ಹಿಡಿಯುತ್ತದೆ. ಸ್ಪ್ರಿಂಗ್ ಬದಲಿಸುವ ಲೆಕ್ಕ ಕೈಪಿಡಿಯಲ್ಲಿ ಇರುತ್ತದೆ, ಎಷ್ಟು ಹೊಡೆದಿರಿ ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಯಾರೂ ಹೇಳದ ಒಂದು ವಿಷಯ ಇದೆ. ದಿನಾ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ನಳಿಗೆಗೆ ಹಾಕುತ್ತಾ ಹೋದರೆ, ಪ್ರತಿ ಸಲ ಇಳಿಜಾರಿಗೆ ಬಡಿದು ಗುಂಡು ಚಿಪ್ಪಿನೊಳಗೆ ಚೂರುಚೂರೇ ಇಳಿಯುತ್ತದೆ. ಒಳಗಿನ ಜಾಗ ಕಮ್ಮಿಯಾದರೆ ಒತ್ತಡ ಏರುತ್ತದೆ. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಆಗಿದ್ದರೆ ಎಸೆಯುವ ಲೆಕ್ಕಕ್ಕೆ ಸೇರಿಸಿ. ಹಾಗೆ ನೋಡಿದರೆ ಹೋಲ್‌ಸ್ಟರ್ ಸಮೇತ ಬೀಗದ ಪೆಟ್ಟಿಗೆಯಲ್ಲಿ ಇಡುವುದೇ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಬೇಕೋ ಬೇಡವೋ ಅನ್ನುವ ಮಾತೇ ಇಲ್ಲ.

ಊರಿನವರಿಗೆ ಒಂದೆರಡು ಮಾತು

ಕರ್ನಾಟಕದಿಂದಲೂ ಈ ಪ್ರಶ್ನೆ ಬರುತ್ತದೆ. ಭಾರತದಲ್ಲಿ 9 ಎಂಎಂ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ, ಅದು ನಿಷೇಧಿತ ಅಳತೆ. ಸಿಗುವುದು ಮುಖ್ಯವಾಗಿ .32. ಆರ್ಡ್‌ನೆನ್ಸ್ ಕಾರ್ಖಾನೆಯ ಪಿಸ್ತೂಲೂ ಇದೆ, ರಿವಾಲ್ವರೂ ಇದೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೊರತಂದ ನಿರ್ಭೀಕ್ ರಿವಾಲ್ವರ್ 500 ಗ್ರಾಂ, ಟೈಟಾನಿಯಂ ಮಿಶ್ರಲೋಹದ್ದು. .32ಕ್ಕೆ ಆ ತೂಕ ಸಾಕಷ್ಟಾಯಿತು, ಒದೆತ ದೊಡ್ಡ ಸಮಸ್ಯೆ ಅಲ್ಲ. ಒಂದು ಎಚ್ಚರಿಕೆ: .32 ಪಿಸ್ತೂಲಿನ ತೋಟಾ ಬೇರೆ, .32 ರಿವಾಲ್ವರಿನ ತೋಟಾ ಬೇರೆ. ಹೆಸರು ಒಂದೇ ಅಂತ ಅದಲು ಬದಲು ಮಾಡಬೇಡಿ.

ಅಮೆರಿಕದಿಂದ ಊರಿಗೆ ಹೋಗಿ ಬರುವವರು ರೇಂಜಿಗೆ ಒಯ್ಯುವ ಚೀಲವನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡಿ. ಅದರ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಬಹುದು. ಅಭ್ಯಾಸಕ್ಕೆ ಬೇರೆ ಬಣ್ಣದ ಚೀಲ ಇಟ್ಟುಕೊಳ್ಳಿ, ಅದನ್ನು ಗ್ಯಾರೇಜಿನಲ್ಲೇ ಬಿಡಿ.